ಬೀಜದ ಸಾಹೇಬರ ಸೊಸೆ

ಧಾರವಾಡ
6 ಅಕ್ಟೋಬರ್ 2024

ಪೂಜ್ಯ ಮಾವನವರಿಗೆ,

ನಿಮ್ಮ ಸೊಸೆ ಅರುಣಾಳ ನಮಸ್ಕಾರ. ಇಲ್ಲಿ ಮಳೆ ನಿಂತಿದೆ, ನಾನು ಆರಾಮವಾಗಿದ್ದೇನೆ. ನಿಮ್ಮ ಗಂಟಲಿನ ಆಪರೇಶನ್ ಆಗಿ ಈ ತಿಂಗಳಿಗೆ ನಾಲ್ಕು ವರ್ಷ. ಧ್ವನಿ ಹೋದಾಗಿನಿಂದ ಮನೆಯವರೆಲ್ಲ ನಿಮ್ಮ ಜೊತೆ ಸನ್ನೆಯಲ್ಲಿ ಮಾತಾಡುತ್ತಾರೆ, ನಾನೊಬ್ಬಳು ಕಾಗದ ಬರೆಯುತ್ತೇನೆ. ಫೋನಿನ ಮೆಸೇಜಿನಲ್ಲಿ ನೀವು ‘ಹೂಂ’ ಎಂದು ಒತ್ತಿ ಮುಗಿಸಿಬಿಡುತ್ತೀರಿ. ಕಾಗದದಲ್ಲಾದರೆ ಎಂಟು ಸಾಲಾದರೂ ಸಿಗುತ್ತವೆ. ಅದಕ್ಕೇ ಈ ವಿಷಯವನ್ನೂ ಕಾಗದದಲ್ಲೇ ಕೇಳುತ್ತಿದ್ದೇನೆ.

ನಾನು ಕೆಲಸ ಮಾಡುವ ಮೆಣಸಿನಕಾಯಿ ಪ್ರಾಜೆಕ್ಟಿನ ಮುಖ್ಯಸ್ಥೆ ಶ್ರೀದೇವಿ ಮೇಡಂ ಕಳೆದ ವಾರ ನನ್ನನ್ನು ಕರೆದು ಒಂದು ಜಾಹೀರಾತು ತೋರಿಸಿದರು. ನೆದರ್ಲ್ಯಾಂಡ್ಸ್ ದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಮೆಣಸಿನಕಾಯಿಯ ಬಣ್ಣದ ಮೇಲೆ ಪಿಎಚ್.ಡಿ. ಮಾಡಲು ಒಬ್ಬರನ್ನು ಆರಿಸುತ್ತಾರಂತೆ. ನಾಲ್ಕು ವರ್ಷ. ಅಲ್ಲಿ ಅದು ನೌಕರಿ ಇದ್ದ ಹಾಗೆ, ಸಂಬಳ ಕೊಟ್ಟು ಓದಿಸುತ್ತಾರೆ. ಜನವರಿ 15ರೊಳಗೆ ಅರ್ಜಿ ಹೋಗಬೇಕು. “ಬ್ಯಾಡಗಿ ಸೀಮಿ ಸೊಸಿ ನೀನು. ಹೊಲದಾಗ ನಿಂತು ಕಲ್ತಾಕಿ. ನೀ ಹಾಕಲಿಲ್ಲಂದ್ರ ಇನ್ಯಾರು ಹಾಕಬೇಕು?” ಎಂದರು.

ನಿಮ್ಮ ಮಗನಿಗೆ ಹೇಳಿದೆ. ರಾಣೆಬೆನ್ನೂರಿನ ಅಂಗಡಿಯಲ್ಲಿ ಆಗ ಗಿರಾಕಿ ಇದ್ದರೋ ಏನೋ, “ಅಪ್ಪಾರ್ನ ಕೇಳು. ಅವರು ಹೂಂ ಅಂದ್ರ ನಂದೂ ಹೂಂ” ಎಂದಷ್ಟೇ ಹೇಳಿ ಫೋನ್ ಇಟ್ಟರು.

ನನಗೇನೂ ಹೋಗಲೇಬೇಕೆಂಬ ಹಟವಿಲ್ಲ. ಸ್ನೇಹಾಗೆ ಈಗಷ್ಟೇ ಎಂಟು ತುಂಬಿದೆ. ತಿಂಗಳಿಗೊಮ್ಮೆ ಹಲಗೇರಿಗೆ ಬಂದು ಮಗಳ ಮುಖ ನೋಡಿ ಹೋಗುವುದೇ ಸಾಲದೆನಿಸುವಾಗ ಅಷ್ಟು ದೂರದ ಮಾತೆಲ್ಲಿ? ವಿಷಯ ನಿಮ್ಮ ಕಿವಿಗೆ ಹಾಕಿದ್ದೇನೆ, ಅಷ್ಟೇ.

ಅರುಣಾ

*

ಹಲಗೇರಿ
14 ಅಕ್ಟೋಬರ್ 2024

ಚಿ. ಸೌ. ಅರುಣಾಳಿಗೆ ಆಶೀರ್ವಾದ.

ಕಾಗದ ತಲುಪಿತು. ವಿಷಯ ದೊಡ್ಡದು. ಒಂದು ಸಾಲಿನಲ್ಲಿ ಉತ್ತರಿಸುವಂಥದಲ್ಲ.

ಒಂದು ಪ್ರಶ್ನೆ. ಅಂಕ, ಡಿಗ್ರಿ ಅರ್ಜಿ ಹಾಕುವ ನೂರು ಜನರಲ್ಲೂ ಇರುತ್ತವೆ. ಆ ನೂರು ಜನರಲ್ಲಿ ಇಲ್ಲದ್ದು ನಿನ್ನಲ್ಲಿ ಏನಿದೆ ಎಂದು ಬರೆಯುತ್ತೀ? ಮೂವತ್ತಾರು ವರ್ಷ ಬ್ಯಾಡಗಿ ತಾಲೂಕಿನಲ್ಲಿ ಕೃಷಿ ಸಹಾಯಕನಾಗಿ ರೈತರ ಅರ್ಜಿ ತುಂಬಿಸಿದವನು ನಾನು. ಓದುವವನ ಕಣ್ಣು ಯಾವ ಸಾಲಿನ ಮೇಲೆ ನಿಲ್ಲುತ್ತದೆಂದು ಬಲ್ಲೆ.

ಸ್ನೇಹಾಗೆ ಗಣಿತದಲ್ಲಿ ಇಪ್ಪತ್ತಕ್ಕೆ ಹದಿನೆಂಟು ಬಂದಿದೆ. ನಿಮ್ಮ ಅತ್ತೆಗೆ ಇನ್ನೂ ಏನೂ ಹೇಳಿಲ್ಲ. ಹೇಳುವ ಹೊತ್ತು ನಾನು ನೋಡುತ್ತೇನೆ.

ಕರಬಸಪ್ಪ

*

ಧಾರವಾಡ
19 ಅಕ್ಟೋಬರ್ 2024

ಪೂಜ್ಯ ಮಾವನವರಿಗೆ,

ನಿಮ್ಮ ಪ್ರಶ್ನೆಯನ್ನು ಮೂರು ದಿನ ತಲೆಯಲ್ಲಿಟ್ಟುಕೊಂಡು ತಿರುಗಿದೆ.

ಬ್ಯಾಡಗಿ ಮೆಣಸಿನಕಾಯಿಗೆ ಕೆಂಪು ಹೆಚ್ಚು, ಖಾರ ಕಡಿಮೆ. ಇದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಹಿಂದೆ ಒಂದೊಂದು ಮನೆಯಲ್ಲೂ ಒಂದೊಂದು ಬೀಜವಿತ್ತಂತೆ. ಕೆಲವು ಮನೆಗಳ ಕಾಯಿಯನ್ನು ಎರಡು ವರ್ಷ ಇಟ್ಟರೂ ಬಣ್ಣ ಮಾಸುತ್ತಿರಲಿಲ್ಲವಂತೆ. ಯಾಕೆ ಮಾಸುತ್ತಿರಲಿಲ್ಲ ಎಂಬುದನ್ನು ಕಂಡುಹಿಡಿಯಬೇಕೆಂಬುದೇ ನನ್ನ ಆಸೆ. ಆದರೆ ನೋಡಲು ಆ ಬೀಜಗಳೇ ಇಲ್ಲ. ಹೊಸ ತಳಿಗಳು ಬಂದ ಮೇಲೆ ಜನ ಅವನ್ನು ಕೈಬಿಟ್ಟರು. ಎರಡು ವರ್ಷ ಹುಡುಕಿ ನಮ್ಮ ಪ್ರಾಜೆಕ್ಟಿಗೆ ಸಿಕ್ಕಿದ್ದು ನಾಲ್ಕು, ಅವುಗಳಲ್ಲಿ ಎರಡರ ಬಗ್ಗೆ ಅನುಮಾನವಿದೆ. “ಯಾವ ಪುಣ್ಯಾತ್ಮ ಆ ಬೀಜ ಚೆಲ್ಲಿಸಿದ್ನೋ” ಎಂದು ಶ್ರೀದೇವಿ ಮೇಡಂ ಆಗಾಗ ಹಳಹಳಿಸುತ್ತಾರೆ. ಅಂಥ ಅವಿವೇಕಿ ಯಾರಿದ್ದಾನು ಎಂದು ನನಗೂ ಸಿಟ್ಟು ಬರುತ್ತದೆ.

ಹೀಗಾಗಿ ನೂರು ಜನರಲ್ಲಿ ಇಲ್ಲದ್ದು ನನ್ನಲ್ಲೂ ಇಲ್ಲ. ದೀಪಾವಳಿಗೆ ಬರುತ್ತೇನೆ, ಎದುರಿಗೆ ಕೂತು ಮಾತಾಡೋಣ.

ಅರುಣಾ

*

ಧಾರವಾಡ
10 ಡಿಸೆಂಬರ್ 2024

ಪೂಜ್ಯ ಮಾವನವರಿಗೆ,

ನನ್ನ ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ. ಏಳು ವಾರವಾಯಿತು. ಪಾಡ್ಯದ ದಿನ ನಾನು ಹಲಗೇರಿಯಲ್ಲಿದ್ದೆ, ನೀವಿರಲಿಲ್ಲ. “ಹಳೇ ನೌಕರಿ ಗೆಳ್ಯಾರನ್ನ ನೋಡ್ಕೊಂಡು ಬರ್ತೀನಿ ಅಂತ ಪಾಟಿ ಮ್ಯಾಲ ಬರದು ಹೋಗ್ಯಾರ. ಹಬ್ಬದಾಗ ಎಂಥಾ ಗೆಳ್ಯಾರೋ” ಎಂದು ಅತ್ತೆಯವರು ಬೇಸರಪಟ್ಟುಕೊಂಡರು. ನನಗೆ ಅರ್ಥವಾಯಿತು. ಎದುರಿಗೆ ಕೂತು ‘ಬೇಡ’ ಎಂದು ಬರೆದು ತೋರಿಸಲು ನಿಮಗೆ ಮನಸ್ಸಾಗಲಿಲ್ಲ.

ನೀವು ಬೇಸರ ಮಾಡಿಕೊಳ್ಳಬೇಡಿ. ಬಿಎಸ್ಸಿ ಮುಗಿಸಿ ಸೊಸೆಯಾಗಿ ಬಂದವಳನ್ನು ನೀವೇ ಮುಂದೆ ನಿಂತು ಎಂಎಸ್ಸಿಗೆ ಕಳಿಸಿದಿರಿ. ಸ್ನೇಹಾ ಹುಟ್ಟಿದ ಮೇಲೂ ಓದು ನಿಲ್ಲಿಸಗೊಡಲಿಲ್ಲ. ಅದಕ್ಕಿಂತ ಹೆಚ್ಚು ಕೇಳಿದ್ದು ನನ್ನದೇ ತಪ್ಪು. ಅರ್ಜಿ ಹಾಕುವುದಿಲ್ಲವೆಂದು ನಾಳೆ ಮೇಡಂಗೆ ಹೇಳಿಬಿಡುತ್ತೇನೆ. ಈ ವಿಷಯ ಇಲ್ಲಿಗೆ ಮುಗಿಯಿತು.

ಅರುಣಾ

*

ಹಲಗೇರಿ
11 ಡಿಸೆಂಬರ್ 2024

ಚಿ. ಸೌ. ಅರುಣಾಳಿಗೆ ಆಶೀರ್ವಾದ.

ತಡವಾಯಿತು. ಈ ಕಾಗದದ ಜೊತೆ ಒಂದು ಡಬ್ಬಿ ಕಳಿಸುತ್ತಿದ್ದೇನೆ. ಅದರಲ್ಲಿ ಇಪ್ಪತ್ಮೂರು ಪೊಟ್ಟಣಗಳಿವೆ. ಎಲ್ಲವೂ ಬ್ಯಾಡಗಿ ಸೀಮೆಯ ಹಳೆಯ ಮೆಣಸಿನ ಬೀಜ. ಹದಿನಾಲ್ಕು ಉದ್ದನೆಯ ಕಡ್ಡಿಕಾಯಿಯವು, ಒಂಬತ್ತು ದುಂಡನೆಯ ಡಬ್ಬಿಕಾಯಿಯವು. ಪ್ರತಿ ಪೊಟ್ಟಣದ ಮೇಲೆ ಊರು, ಮನೆ, ಬೀಜ ಇಟ್ಟುಕೊಂಡು ಬಂದವರ ಹೆಸರು ಬರೆದಿದ್ದೇನೆ. ಯಾಕೆ ಇಟ್ಟುಕೊಂಡರು, ಕಾಯಿ ಎಷ್ಟು ಕಾಲ ಬಣ್ಣ ಹಿಡಿದಿರುತ್ತದೆ ಎಂಬ ವಿವರ ನೋಟ್‌ಬುಕ್ಕಿನಲ್ಲಿದೆ. ಅಕ್ಷರ ತಿಳಿಯದಿದ್ದರೆ ಕೇಳು.

ಕಾಗಿನೆಲೆ, ಮೋಟೆಬೆನ್ನೂರು, ಕದರಮಂಡಲಗಿ, ಆಚೆ ಗುತ್ತಲದವರೆಗೂ ಹೋಗಿ ಬಂದೆ. ನಿಮ್ಮ ಅತ್ತೆಗೂ ಮಗ ಪ್ರವೀಣನಿಗೂ ಗೆಳೆಯರನ್ನು ನೋಡಿ ಬರುತ್ತೇನೆಂದು ಹೇಳಿದ್ದೆ. ಪೂರಾ ಸುಳ್ಳಲ್ಲ. ಬೀಜ ಸಿಗುವವರೆಗೆ ಯಾರಿಗೂ ಹೇಳಬಾರದೆಂದಿತ್ತು. ಸಿಗದೇ ಇದ್ದರೆ ನಿನಗೆ ಮತ್ತಷ್ಟು ನಿರಾಶೆ.

ಬಾಯಿಲ್ಲದವನು ಬೀಜ ಕೇಳುವುದು ಹೇಗೆಂದು ಮೊದಲ ದಿನ ಚಿಂತೆಯಾಗಿತ್ತು. ಸ್ನೇಹಾಳ ಪಾಟಿ ಬಳಪ ಚೀಲದಲ್ಲಿಟ್ಟುಕೊಂಡೆ. ಆದರೆ ಬೀಜ ಇಡುವವರು ಮನೆಯ ಹಿರಿಯ ಹೆಂಗಸರು. ಹೆಚ್ಚಿನವರಿಗೆ ಓದು ಬಾರದು. ಕದರಮಂಡಲಗಿಯ ಕರೆವ್ವನ ಮುಂದೆ ಒಂದು ಹಳೆಯ ಡಬ್ಬಿಕಾಯಿಯನ್ನು ಅಂಗೈಯಲ್ಲಿ ಹಿಡಿದು, ಬೀಜಕ್ಕೆಂದು ಕಾಯಿ ಕಟ್ಟಿಡುವ ಜಂತಿಯ ಕಡೆ ಬೆರಳು ತೋರಿಸಿದೆ. ಎಂಬತ್ತು ದಾಟಿದ ಹೆಂಗಸು. ಕಾಯಿಯನ್ನು ಮೂಸಿ ನೋಡಿ, “ಇದು ನಮ್ಮ ತವರ ಮನಿ ಕಾಯಿ ಇದ್ದಂಗ ಐತಿ. ಯಾರಿಗ್ರಿ ಇದು?” ಎಂದಳು. ಓದುವ ಸೊಸೆಗೆ ಎಂದು ಸನ್ನೆಯಲ್ಲಿ ಹೇಳಲು ಪಟ್ಟ ಪಾಡು ನೀನು ನೋಡಬೇಕಿತ್ತು. ತಲೆಯ ಮೇಲೆ ಸೆರಗು ಹೊದ್ದಂತೆ ಮಾಡಿದೆ, ಪುಸ್ತಕ ತೆರೆದಂತೆ ಮಾಡಿದೆ. ಕರೆವ್ವ ನಕ್ಕೂ ನಕ್ಕೂ ಮೊಮ್ಮಗನನ್ನು ಅಟ್ಟ ಹತ್ತಿಸಿ ಕಾಯಿ ಇಳಿಸಿ ಕೊಟ್ಟಳು. ಮೋಟೆಬೆನ್ನೂರಿನ ಹಾಜಿರಾಬಿ ನನ್ನನ್ನು ಗುರುತು ಹಿಡಿದಳು. ಬೀಜ ಕೊಟ್ಟಳು.

ಇನ್ನೊಂದು ಮಾತು. ಸೆಪ್ಟೆಂಬರಿನಲ್ಲಿ ನಿನ್ನ ಹೆಸರಿಗೆ ಕೊರಿಯರಿನಲ್ಲಿ ಒಂದು ಲಕೋಟೆ ಬಂತು. ಹೊರದೇಶದಲ್ಲಿ ಓದಲು ಬರೆಯುವ ಇಂಗ್ಲಿಷ್ ಪರೀಕ್ಷೆಯದು ಎಂದು ಮೇಲೇ ಬರೆದಿತ್ತು. ನಾನು ಒಡೆಯಲಿಲ್ಲ. ಹೋಗುವ ಹಟವಿಲ್ಲದವರು ಆ ಪರೀಕ್ಷೆ ಬರೆಯುವುದಿಲ್ಲ. ಲಕೋಟೆಯೂ ಡಬ್ಬಿಯಲ್ಲಿದೆ.

ನೂರು ಜನರಲ್ಲಿ ಇಲ್ಲದ್ದು ಈಗ ನಿನ್ನಲ್ಲಿದೆ. ನನ್ನ ಉತ್ತರ: ಅರ್ಜಿ ಹಾಕು.

ಕರಬಸಪ್ಪ

*

ಧಾರವಾಡ
16 ಡಿಸೆಂಬರ್ 2024

ಮಾವನವರೇ,

ಹತ್ತನೆಯ ತಾರೀಖಿನ ನನ್ನ ಕಾಗದವನ್ನು ದಯವಿಟ್ಟು ಹರಿದುಹಾಕಿ. ಮೇಡಂಗೆ ಇನ್ನೂ ಹೇಳಿರಲಿಲ್ಲ, ಒಳ್ಳೆಯದೇ ಆಯಿತು. ನಾನು ಅದನ್ನು ಪೆಟ್ಟಿಗೆಗೆ ಹಾಕಿದ ಮರುದಿನವೇ ನೀವು ಡಬ್ಬಿ ಕಳಿಸಿದ್ದೀರಿ. ಹಾಸ್ಟೆಲ್ಲಿನ ಕೋಣೆಯಲ್ಲಿ ಒಬ್ಬಳೇ ಕೂತು ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ.

ಹೌದು, ಪರೀಕ್ಷೆ ಬರೆದಿದ್ದೆ. ಆಗಸ್ಟಿನಲ್ಲೇ. ಇವರಿಗೂ ಹೇಳಿರಲಿಲ್ಲ. ನಪಾಸಾದರೆ ಯಾರಿಗೂ ತಿಳಿಯುವುದು ಬೇಡ, ಪಾಸಾದರೆ ಧೈರ್ಯ ಬರುತ್ತದೆ ಎಂದುಕೊಂಡಿದ್ದೆ. ಪಾಸಾದದ್ದು ಕಂಪ್ಯೂಟರಿನಲ್ಲೇ ಗೊತ್ತಾಯಿತು, ಆದರೆ ಧೈರ್ಯ ಬರಲಿಲ್ಲ. ಲಕೋಟೆ ದಾರಿಯಲ್ಲೆಲ್ಲೋ ಕಳೆದಿರಬೇಕೆಂದು ಸುಮ್ಮನಿದ್ದೆ. ಹೋಗಬೇಕೆಂದು ನನಗೆ ಆಸೆಯಿದೆ ಮಾವನವರೇ, ಬಹಳ ಆಸೆಯಿದೆ. ಅದನ್ನು ಮೊದಲ ಕಾಗದದಲ್ಲೇ ಬರೆಯಬೇಕಿತ್ತು.

ಶ್ರೀದೇವಿ ಮೇಡಂ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಪೊಟ್ಟಣಗಳನ್ನು ಒಂದೊಂದಾಗಿ ಬಿಡಿಸಿದರು. ಆಮೇಲೆ ನೋಟ್‌ಬುಕ್ ತೆಗೆದುಕೊಂಡು ಕೂತವರು ಊಟಕ್ಕೂ ಏಳಲಿಲ್ಲ. ಕೊನೆಗೆ, “ಇದನ್ನ ಬರದವರು ಯಾರು? ಇವರು ಯಾಕ ನಮ್ಮ ಪ್ರಾಜೆಕ್ಟಿನ್ಯಾಗ ಇಲ್ಲ?” ಎಂದು ಕೇಳಿದರು. ನಮ್ಮ ಮಾವನವರು ಎಂದೆ. ಅಷ್ಟು ಹೆಮ್ಮೆಯಿಂದ ಆ ಮಾತನ್ನು ಹಿಂದೆಂದೂ ಹೇಳಿರಲಿಲ್ಲ.

ಆದರೆ ಒಂದು ತೊಡಕಿದೆ. ನಮ್ಮ ದೇಶದ ಬೀಜವನ್ನು ಸರಕಾರದ ಅನುಮತಿಯಿಲ್ಲದೆ ಹೊರಗೆ ಒಯ್ಯುವಂತಿಲ್ಲ. ಕಾನೂನಿದೆ, ಅದು ಇರಬೇಕಾದದ್ದೇ. ನಿನ್ನೆಯಿಡೀ ಯೋಚಿಸಿದ ಮೇಲೆ ಇದೇ ದಾರಿ ಎನಿಸಿತು. ಬೀಜ ಹೋಗದಿದ್ದರೆ ನಾನೇ ಬರಬೇಕು. ಬೀಜವನ್ನು ಇಲ್ಲಿಯೇ ಬಿತ್ತಿ, ಪ್ರತಿ ವರ್ಷ ನವೆಂಬರಿನಿಂದ ಫೆಬ್ರವರಿಯವರೆಗೆ, ಕಾಯಿ ಕೆಂಪಾಗಿ ಒಣಗುವ ನಾಲ್ಕು ತಿಂಗಳು, ನಾನು ಈ ಸೀಮೆಯಲ್ಲೇ ಇದ್ದು ಅಳತೆ ತೆಗೆದುಕೊಳ್ಳುತ್ತೇನೆ. ಉಳಿದ ಕೆಲಸ ಅಲ್ಲಿ. ಬೇಸಿಗೆ ರಜೆಗೆ ಸ್ನೇಹಾ ನನ್ನ ಹತ್ತಿರ ಬರಲಿ. ಆ ವಿಶ್ವವಿದ್ಯಾಲಯದವರು ಇದಕ್ಕೆ ಒಪ್ಪುತ್ತಾರೋ ಇಲ್ಲವೋ ತಿಳಿಯದು. ಆದರೂ ಯೋಜನೆಯನ್ನು ಹೀಗೆಯೇ ಬರೆಯುತ್ತೇನೆ.

ಬರೆಯುವ ಮೊದಲು ಒಂದೆರಡು ಮನೆಗಳನ್ನು ನಾನೂ ನೋಡಬೇಕು. ಹಾಜಿರಾಬಿಯವರಿಂದ ಶುರು ಮಾಡುತ್ತೇನೆ.

ಅರುಣಾ

*

ಧಾರವಾಡ
30 ಡಿಸೆಂಬರ್ 2024

ಮಾವನವರೇ,

ಶನಿವಾರ ಮೋಟೆಬೆನ್ನೂರಿಗೆ ಹೋಗಿದ್ದೆ. ಹಾಜಿರಾಬಿಯವರು ಅಂಗಳದಲ್ಲಿ ಕಾಯಿ ಒಣಹಾಕುತ್ತಿದ್ದರು. ಹೆಸರು ಹೇಳುವ ಮೊದಲೇ, “ನೀ ಬೀಜದ ಸಾಹೇಬ್ರ ಸೊಸಿ ಹೌದಲ್ಲ? ಬಾ, ಕುಂದ್ರು” ಎಂದರು.

“ಅವರಿಗೆ ಆ ಹೆಸರು ಯಾಕ ಬಂತ್ರಿ?” ಎಂದೆ.

“ಯಾಕಂದ್ರ? ಸೈಕಲ್ ಮ್ಯಾಲ ಹೊಸಾ ಬೀಜ ಹೇರಿಕೊಂಡು ಬರತಿದ್ರು. ನಮ್ಮತ್ತಿ ಗಡಿಗ್ಯಾಗ ಇಟ್ಟ ಬೀಜ ನೋಡಿ, ‘ಇದನ್ನ ತಿಪ್ಪಿಗೆ ಹಾಕ್ರಿ, ಎರಡ ಪಟ್ಟು ಬೆಳಿಯೂ ಬೀಜ ನಾ ಕೊಡ್ತೀನಿ’ ಅಂದ್ರು. ಖರೇನ ಎರಡ ಪಟ್ಟು ಬೆಳೀತು. ಊರ ಮಂದಿ ಎಲ್ಲಾ ಗಡಿಗಿ ಖಾಲಿ ಮಾಡಿದ್ರು. ನಮ್ಮತ್ತಿ ಮಾತ್ರ ಒಂದು ಮುಷ್ಟಿ ಸೆರಗಿನ್ಯಾಗ ಕಟ್ಟಿ ಮುಚ್ಚಿಟ್ಳು. ನಮ್ಮ ಮಾವಗೂ ಹೇಳಲಿಲ್ಲ.”

“ಮೊನ್ನೆ ಅವರು ಬಂದಾಗ ಇದನ್ನ ಅಂದ್ರೇನ್ರಿ?” ಎಂದು ಕೇಳಿದೆ.

“ಅನ್ನದ ಬಿಡ್ತೀನೇನವಾ? ಮಾರಿ ಮ್ಯಾಲನ ಅಂದೆ. ಅವರು ಪಾಟಿ ತಗದು ಏನೋ ಬರದ್ರು. ನನಗ ಓದಾಕ ಬರೂದಿಲ್ಲ ಅಂದೆ. ಅಳಿಸಿ, ಮತ್ತ ಅದನ್ನ ಬರದ್ರು. ಅದನ್ನ ನೋಡಿ ನನ್ನ ಸಿಟ್ಟು ಇಳೀತು. ಎದ್ದು ಬೀಜ ತಂದು ಕೊಟ್ನಿ.”

ಮಾವನವರೇ, ಅಕ್ಟೋಬರಿನಲ್ಲಿ ‘ಅಂಥ ಅವಿವೇಕಿ ಯಾರಿದ್ದಾನು’ ಎಂದು ನಿಮಗೇ ಬರೆದವಳು ನಾನು. ಆ ಸಾಲು ನೆನಪಾದಾಗಲೆಲ್ಲ ನಾಚಿಕೆಯಾಗುತ್ತಿದೆ. ನನ್ನನ್ನು ಕ್ಷಮಿಸಿ. ಈಗ ಏನು ಬರೆಯಲಿ? ಬೀಜಗಳು ಯಾಕೆ ಅಳಿದವು ಎಂದು ಯೋಜನೆಯಲ್ಲಿ ಹೇಳಲೇಬೇಕು. ಬೇಕಾದರೆ ‘ಕಾಲಕ್ರಮೇಣ ಅಳಿದವು’ ಎಂದು ಬರೆದು ಮುಂದೆ ಹೋಗಬಹುದು. ಯಾರೂ ಕೇಳುವುದಿಲ್ಲ.

ಪಾಟಿಯ ಮೇಲೆ ಏನು ಬರೆದಿರಿ?

ಅರುಣಾ

*

ಹಲಗೇರಿ
4 ಜನವರಿ 2025

ಮಗಳೇ ಅರುಣಾ,

ನಿನ್ನ ಹತ್ತನೆಯ ತಾರೀಖಿನ ಕಾಗದ ಹರಿಯಲಿಲ್ಲ. ಬಂದ ಕಾಗದ ಹರಿಯುವ ಪದ್ಧತಿ ನಮ್ಮ ಇಲಾಖೆಯಲ್ಲಿರಲಿಲ್ಲ. ಅಕ್ಟೋಬರಿನದೂ ಇದೆ. ಅದನ್ನು ಓದಿದ ದಿನ ಉತ್ತರ ಬರೆಯಲು ಕೂತೆ. ಆ ಅವಿವೇಕಿ ನಾನೇ ಎಂದು ಬರೆಯಲು ಕೈ ಏಳಲಿಲ್ಲ. ಮರುದಿನವೂ ಆಗಲಿಲ್ಲ. ಮೂರನೆಯ ದಿನ ಪೆನ್ನು ಮುಚ್ಚಿಟ್ಟು ಬ್ಯಾಡಗಿ ಬಸ್ ಹತ್ತಿದೆ. ನಾನು ಸುಮ್ಮನಿದ್ದದ್ದು ಅದಕ್ಕೆ. ನಿನ್ನನ್ನು ತಡೆಯಬೇಕೆಂದಲ್ಲ.

ನಾನು ಆಗ ಸುಳ್ಳು ಹೇಳಿರಲಿಲ್ಲ. ಹೊಸ ಬೀಜಕ್ಕೆ ಬೆಳೆ ಹೆಚ್ಚೇ ಬಂತು. ಜನ ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ಆ ಕೆಲಸದ ಬಗ್ಗೆ ನನಗೆ ಇಂದಿಗೂ ಅಭಿಮಾನವಿದೆ. ಹೊಸದನ್ನು ಕೊಟ್ಟದ್ದು ತಪ್ಪಲ್ಲ. ಹಳೆಯದನ್ನು ತಿಪ್ಪೆಗೆ ಹಾಕಿ ಎಂದದ್ದು ತಪ್ಪು. ಒಂದು ಗಡಿಗೆ ಇಡಲು ಮನೆಯಲ್ಲಿ ಎಷ್ಟು ಜಾಗ ಬೇಕು? ಹಾಗೆಂದು ಯಾರೂ ನನಗೆ ಆಜ್ಞೆ ಮಾಡಿರಲಿಲ್ಲ. ಹೊಸದರ ಉಮೇದಿನಲ್ಲಿ ನಾನೇ ಹೇಳುತ್ತಿದ್ದೆ, ಊರಿಂದೂರಿಗೆ. ದನಿ ದೊಡ್ಡದಿತ್ತು. ಜನ ನಂಬುತ್ತಿದ್ದರು.

ಈ ಸಲ ನಲವತ್ತೊಂದು ಮನೆಗಳಿಗೆ ಹೋದೆ. ಹದಿನೆಂಟು ಮನೆಗಳಲ್ಲಿ ಬೀಜ ಉಳಿದಿರಲಿಲ್ಲ. ಆ ಮನೆಗಳ ಹೆಸರನ್ನೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿದ್ದೇನೆ. ನೋಡಿರಬೇಕು.

ಪಾಟಿಯ ಮೇಲೆ ಬರೆದದ್ದು ‘ತಪ್ಪಾಯಿತವ್ವಾ’ ಎಂದು.

‘ಕಾಲಕ್ರಮೇಣ’ ಎಂದು ಬರೆಯಬೇಡ. ಕಾಲ ಯಾರ ಮನೆಯ ಗಡಿಗೆಯನ್ನೂ ಖಾಲಿ ಮಾಡಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆ. ನನ್ನ ಹೆಸರು ಹಾಕು. ಕೆ. ಕರಬಸಪ್ಪ, ನಿವೃತ್ತ ಕೃಷಿ ಸಹಾಯಕ. ಮನೆಯ ಮರ್ಯಾದೆ ಹೋಗುತ್ತದೆಂದು ಅಂಜಬೇಡ. ನಿಜ ಬರೆದರೆ ಮರ್ಯಾದೆ ಹೋಗುವುದಿಲ್ಲ.

ಕರಬಸಪ್ಪ

*

ಧಾರವಾಡ
14 ಜನವರಿ 2025

ಮಾವನವರೇ,

ಇಂದು ಸಂಕ್ರಾಂತಿ. ಬೆಳಿಗ್ಗೆ ಹತ್ತೂವರೆಗೆ ಅರ್ಜಿ ಕಳಿಸಿದೆ. ಮೇಡಂ ಪಕ್ಕದಲ್ಲಿ ಕೂತು ಎಳ್ಳು ಬೆಲ್ಲ ಕೊಟ್ಟರು.

ನಿಮ್ಮ ಬಗ್ಗೆ ಬರೆದದ್ದನ್ನು ಕನ್ನಡದಲ್ಲಿ ತಿಳಿಸುತ್ತೇನೆ. ‘ಈ ಇಪ್ಪತ್ಮೂರು ಬೀಜಗಳನ್ನು ಸಂಗ್ರಹಿಸಿದವರು ನಿವೃತ್ತ ಕೃಷಿ ಸಹಾಯಕ ಕೆ. ಕರಬಸಪ್ಪ. ತಮ್ಮ ನೌಕರಿಯ ಕಾಲದಲ್ಲಿ ಇದೇ ಊರುಗಳಲ್ಲಿ ಹಳೆಯ ಬೀಜವನ್ನು ಬಿಡಿರೆಂದು ಹೇಳಿದವರೂ ಅವರೇ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಮಾತಿನ ಶಕ್ತಿ ಹೋದ ಮೇಲೆ, ಅವರು ಅದೇ ಮನೆಗಳಿಗೆ ಮತ್ತೆ ಹೋದರು. ಯಾವ ಮನೆಯಲ್ಲಿ ಬೀಜ ಉಳಿದಿದೆ, ಯಾವುದರಲ್ಲಿ ಉಳಿದಿಲ್ಲ ಎಂದು ಅವರು ಮಾಡಿರುವ ದಾಖಲೆಯ ಮೇಲೆ ಈ ಸಂಶೋಧನೆ ನಿಂತಿದೆ.’

ಇಡೀ ಅರ್ಜಿಯಲ್ಲಿ ನಾನು ಒಂದೇ ಸಲಕ್ಕೆ ಬರೆದ ಭಾಗ ಇದು. ಉಳಿದದ್ದನ್ನೆಲ್ಲ ಹದಿನೈದು ಸಲ ತಿದ್ದಿದೆ.

ಅರುಣಾ

*

ಧಾರವಾಡ
20 ಫೆಬ್ರವರಿ 2025

ಮಾವನವರೇ,

ನಿನ್ನೆ ಸಂದರ್ಶನವಾಯಿತು. ಮೇಡಂ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ, ಆ ಕಡೆ ಮೂವರು. ಮುಖ್ಯಸ್ಥೆಯ ಹೆಸರು ಹಾನೆಕೆ, ನರೆಗೂದಲಿನ ಹೆಂಗಸು. ಮೊದಲ ಹತ್ತು ನಿಮಿಷ ಹೆದರಿ, ಬರೆದಿಟ್ಟುಕೊಂಡದ್ದನ್ನು ನೋಡಿಕೊಂಡೇ ಉತ್ತರ ಹೇಳಿದೆ.

ಮೂವರಲ್ಲಿ ಒಬ್ಬರು, “ಈ ಬೀಜಗಳನ್ನು ನಮಗೆ ಯಾವಾಗ ಕಳಿಸುತ್ತೀರಿ?” ಎಂದರು. ಕಳಿಸಲಾಗುವುದಿಲ್ಲ ಎಂದೆ. ಅವರ ಮುಖ ಸಣ್ಣದಾಯಿತು. ಕೆಲಸ ಕೈಬಿಟ್ಟು ಹೋಯಿತು ಎಂದುಕೊಂಡ ಮೇಲೆ ನನ್ನ ಹೆದರಿಕೆಯೂ ಹೋಯಿತು. ಬೀಜ ಅದರ ನೆಲದಲ್ಲೇ ಬೆಳೆಯಲಿ, ಅದನ್ನು ಇಟ್ಟುಕೊಂಡು ಬಂದವರ ಕಣ್ಣೆದುರೇ ಬೆಳೆಯಲಿ, ವರ್ಷಕ್ಕೆ ನಾಲ್ಕು ತಿಂಗಳು ನಾನೇ ಅದರ ಹತ್ತಿರ ಹೋಗುತ್ತೇನೆ ಎಂದೆ. ಯಾರಿಗೆ ಗೊತ್ತು, ಎಲ್ಲಿಂದ ಬಂತೋ ಅಷ್ಟು ಇಂಗ್ಲಿಷು.

ಹಾನೆಕೆಯವರು ಕನ್ನಡಕ ತೆಗೆದು, ನಿಮ್ಮ ನೋಟ್‌ಬುಕ್ಕಿನ ಪುಟಗಳ ಫೋಟೋ ತೋರಿಸಿ, “ಈ ದಾಖಲೆ ಮಾಡಿದವರು ನಿಮ್ಮ ತಂದೆಯೇ?” ಎಂದು ಕೇಳಿದರು. ಅಲ್ಲ, ಗಂಡನ ತಂದೆ ಎಂದೆ. “ಬೀಜ ಸಿಗದ ಹದಿನೆಂಟು ಮನೆಗಳನ್ನೂ ಬರೆದಿಟ್ಟಿದ್ದಾರೆ. ಸಿಗದೇ ಇದ್ದದ್ದನ್ನು ಹೀಗೆ ಬರೆದಿಡುವವರು ಕಡಿಮೆ” ಎಂದರು.

ಉತ್ತರ ಬರಲು ಒಂದು ತಿಂಗಳು. ಅತ್ತೆಯವರಿಗೆ ಹೇಳಿದಿರಾ?

ಅರುಣಾ

*

ಹಲಗೇರಿ
3 ಮಾರ್ಚ್ 2025

ಮಗಳೇ,

ಹೇಳಿದೆ. ಪಾಟಿಯ ಎರಡೂ ಬದಿ ತುಂಬ ಬರೆದು ಕೊಟ್ಟೆ. ನಿಮ್ಮ ಅತ್ತೆ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಓದಿ ಮುಗಿಸಿ, “ಎಂಟು ವರ್ಷದ ಕೂಸಿನ್ನ ಬಿಟ್ಟು ಹೊಂಟ್ಳಂದ್ರ ಆಕಿ ಕೂಡ ನಾ ಮಾತಾಡೂದಿಲ್ಲ” ಎಂದಳು. ನಾನು ಮತ್ತೆ ಬಳಪ ತೆಗೆದುಕೊಂಡೆ. ಪಾಟಿಯನ್ನು ಕಸಿದು ಬೋರಲು ಹಾಕಿ ಮೇಲೆ ಕಾಳಿನ ಡಬ್ಬಿ ಇಟ್ಟಳು. ಮೂಕನ ಬಾಯಿ ಮುಚ್ಚಿಸುವುದು ಎಷ್ಟು ಸುಲಭ ನೋಡು.

ಸ್ನೇಹಾ ಅಲ್ಲೇ ಕೂತಿದ್ದಳು. “ಅಜ್ಜಿ, ಅವ್ವ ಇಷ್ಟು ದೊಡ್ಡಾಕಿ ಆಗ್ಯಾಳ, ಇನ್ನೂ ಸಾಲಿಗೆ ಹೋಗಬೇಕೇನು?” ಎಂದಳು. ಪ್ರವೀಣ ಅಂಗಡಿಯಿಂದ ಬಂದು, “ಅವ್ವಾ, ಸ್ನೇಹಾನ್ನ ಸಾಲಿಗೆ ಬಿಡೂದು, ಕರಕೊಂಡು ಬರೂದು ನನ್ನ ಕೆಲಸ. ಅಂಗಡಿ ಆ ಹೊತ್ತಿನ್ಯಾಗ ದಿಲಾವರ ನೋಡ್ತಾನ. ಮಾತಾಗೇತಿ” ಎಂದ. ದಿಲಾವರ ಅವನ ಪಾಲುದಾರ, ನೀನು ಬಲ್ಲೆ. ಮಗ ಇಷ್ಟು ಯೋಚಿಸಿಟ್ಟಿದ್ದಾನೆಂದು ನನಗೂ ತಿಳಿದಿರಲಿಲ್ಲ. ನಿಮ್ಮ ಅತ್ತೆ ಎದ್ದು ಒಲೆಯ ಮುಂದೆ ಹೋದಳು. ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರಾಗಿತ್ತು.

ನೀನು ಸಂದರ್ಶನದ ವಿಷಯ ಬರೆದ ಕಾಗದವನ್ನು ಹಾಜಿರಾಬಿಗೂ ಕರೆವ್ವಗೂ ಅವರ ಮನೆಯ ಮಕ್ಕಳಿಂದ ಓದಿಸಿ ಬರಲು ಹೋಗುತ್ತಿದ್ದೇನೆ. ಅವರ ಬೀಜದ ಮಾತು ಹೊರದೇಶದಲ್ಲಿ ಆಯಿತೆಂದು ಅವರಿಗೂ ತಿಳಿಯಲಿ.

ಕರಬಸಪ್ಪ

*

ಧಾರವಾಡ
27 ಮಾರ್ಚ್ 2025

ಮಾವನವರೇ,

ಆಯ್ಕೆಯಾಗಿದ್ದೇನೆ.

ಇವರಿಗೆ ಫೋನ್ ಮಾಡಿದ್ದೇನೆ, ನಿಮಗೆ ಸುದ್ದಿ ಮುಟ್ಟಿರುತ್ತದೆ. ಆದರೂ ನಿಮಗೆ ನನ್ನ ಕೈಯಿಂದಲೇ ಬರೆದು ತಿಳಿಸಬೇಕೆನಿಸಿತು. ನಾಲ್ಕು ತಿಂಗಳ ಹೊಲದ ಕೆಲಸಕ್ಕೂ ಒಪ್ಪಿದ್ದಾರೆ. ಸೆಪ್ಟೆಂಬರ್ ಒಂದಕ್ಕೆ ಸೇರಬೇಕು. ಮೊದಲ ಪ್ರಬಂಧ ಪ್ರಕಟವಾದಾಗ ಬೀಜ ಕೊಟ್ಟ ಇಪ್ಪತ್ಮೂರು ಮನೆಗಳ ಹೆಸರೂ ಅದರಲ್ಲಿ ಇರಬೇಕೆಂದು ಕೇಳಿದ್ದೆ. ಹಾನೆಕೆಯವರು ಅದಕ್ಕೂ ಹೂಂ ಎಂದಿದ್ದಾರೆ.

ಮೇಡಂ ಇಡೀ ವಿಭಾಗಕ್ಕೆ ಪೇಢೆ ಹಂಚಿದರು. ನಾನು ಮಾತ್ರ ಸ್ವಲ್ಪ ಹೊತ್ತು ಹೊರಗೆ ಹೋಗಿ ಮರದ ಕೆಳಗೆ ನಿಂತಿದ್ದೆ.

ಅರುಣಾ

*

ನೆದರ್ಲ್ಯಾಂಡ್ಸ್
7 ಸೆಪ್ಟೆಂಬರ್ 2025

ಮಾವನವರೇ,

ಬಂದು ಎಂಟು ದಿನವಾಯಿತು. ಕೋಣೆ ಚಿಕ್ಕದು, ಕಿಟಕಿ ದೊಡ್ಡದು. ದಿನಾಲೂ ಫೋನಿನಲ್ಲಿ ಸ್ನೇಹಾಳನ್ನು ನೋಡುತ್ತೇನೆ, ನೀವು ಹಿಂದೆ ನಿಂತು ಕೈಯೆತ್ತುವುದನ್ನೂ ನೋಡುತ್ತೇನೆ. ಹಲಗೇರಿಯ ನಮ್ಮ ಹೊಲದಲ್ಲಿ ಇಪ್ಪತ್ಮೂರು ಬೀಜಗಳ ಸಾಲುಗಳೂ ಬೇರು ಹಿಡಿದಿವೆ ಎಂದು ಇವರು ತೋರಿಸಿದರು. ಪ್ರಯೋಗಾಲಯದಲ್ಲಿ ನನ್ನ ಮೇಜಿನ ಮೇಲೆ ನನ್ನ ಹೆಸರು, ಅದರ ಕೆಳಗೆ ‘ಬ್ಯಾಡಗಿ’ ಎಂದು ಬರೆದು ಅಂಟಿಸಿದ್ದಾರೆ. ಅದು ನನ್ನ ಅಡ್ಡಹೆಸರೆಂದು ಯಾರೋ ತಿಳಿದಿದ್ದಾರೆ. ನಾನು ತಿದ್ದಲಿಲ್ಲ.

ಒಂದೇ ವಿಷಯ ಮನಸ್ಸಿನಲ್ಲಿ ಚುಚ್ಚುತ್ತಿದೆ. ಮಾರ್ಚಿನಿಂದ ಅತ್ತೆಯವರು ನನ್ನೊಡನೆ ಊಟ ತಿಂಡಿಯ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ರಾಣೆಬೆನ್ನೂರು ಸ್ಟೇಷನ್ನಿಗೆ ನೀವೆಲ್ಲ ಬಂದಿರಿ, ಹಾಜಿರಾಬಿಯವರೂ ಬಂದರು, ಅತ್ತೆ ಬರಲಿಲ್ಲ. ಫೋನಿನಲ್ಲೂ ಮುಖ ತೋರಿಸುವುದಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲವೇ?

ಅರುಣಾ

*

ಹಲಗೇರಿ
24 ಸೆಪ್ಟೆಂಬರ್ 2025

ಮಗಳೇ ಅರುಣಾ,

ನಿನ್ನ ಕಾಗದ ಓದುತ್ತಿದ್ದಾಗ ನಿಮ್ಮ ಅತ್ತೆ ಅದನ್ನು ನನ್ನ ಕೈಯಿಂದ ಕಸಿದುಕೊಂಡು ತಾನೇ ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು. ಆಮೇಲೆ ನನ್ನ ಮುಂದೆ ಬಂದು ಕೂತು, “ಬರಕೊಳ್ರಿ. ನಾ ಹೇಳಿದ್ದನ್ನ ಹೇಳಿದಂಗ ಬರೀಬೇಕು. ನಿಮ್ಮ ಸರಕಾರಿ ಕನ್ನಡ ಬ್ಯಾಡ” ಎಂದಳು. ಇನ್ನು ಮುಂದಿನದು ಅವಳ ಮಾತು. ಒಂದಕ್ಷರವನ್ನೂ ನಾನು ತಿದ್ದಿಲ್ಲ.

“ಅರುಣಾ, ನಾ ಗದಿಗೆವ್ವ. ಮೊದ್ಲ ಸಿಟ್ಟಿತ್ತು, ಖರೆ. ಆಮ್ಯಾಲ ಇರಲಿಲ್ಲ. ಸ್ಟೇಷನ್ನಿಗೆ ಯಾಕ ಬರಲಿಲ್ಲ ಅಂದ್ರ, ಬಂದಿದ್ರ ಅಳತಿದ್ದೆ. ನಾ ಅತ್ತಿದ್ರ ನೀ ರೈಲು ಹತ್ತತಿದ್ದಿಲ್ಲ. ನಿನ್ನ ಸ್ವಭಾವ ನನಗ ಗೊತ್ತೈತಿ. ಅದಕ್ಕ ಮನ್ಯಾಗ ಕುಂತೆ. ಈ ಫೋನಿನ್ಯಾಗೂ ಅದಕ್ಕ ಬರೂದಿಲ್ಲ.

“ಮೊನ್ನೆ ಗುತ್ತಲದಾಗ ಸೀಮಂತಕ್ಕ ಹೋಗಿದ್ದೆ. ಒಬ್ಬಾಕಿ, ‘ಸೊಸಿ ಕೂಸು ಬಿಟ್ಟು ಹೋಗ್ಯಾಳಂತ?’ ಅಂದ್ಳು. ನಾ ಅಂದೆ, ‘ಬಿಟ್ಟು ಹೋಗಿಲ್ಲ, ನನ್ನ ಕೈಯಾಗ ಕೊಟ್ಟು ಹೋಗ್ಯಾಳ. ನಿಮ್ಮ ಸೊಸಿ ನಿಮ್ಮ ಕೈಯಾಗ ಏನರ ಕೊಡ್ತಾಳೇನು?’ ಆಕಿ ಊಟಾ ಮಾಡೂತನಾ ತಲಿ ಎತ್ತಲಿಲ್ಲ. ಅಲ್ಲೇ ಇನ್ನೊಬ್ಬಾಕಿ ಬಂದು, ತನ್ನ ಮಗಳೂ ಹಿಂಗ ಓದಬೇಕಂತಾಳ, ಏನು ಮಾಡಬೇಕು ಅಂತ ಕೇಳಿದ್ಳು. ಹಲಗೇರಿಗೆ ಕಳಿಸು, ನಮ್ಮ ಮನ್ಯಾಗ ಗೊತ್ತಿದ್ದವರು ಅದಾರ ಅಂದೆ. ಗೊತ್ತಿದ್ದವರು ಅಂದ್ರ ನಾನ ಅಂತ ತಿಳಕೊಂಡ್ಳು. ತಿಳಕೊಳ್ಳಿ ಬಿಡು.

“ಅಲ್ಲಿ ಥಂಡಿ ಭಾಳಂತ. ತಲಿಗೆ ಕಟ್ಟಿಕೊ. ಓದು ಅರ್ಧಕ್ಕ ಬಿಟ್ಟು ಬಂದಿ ಅಂದ್ರ ಬಾಗಲಾ ತಗಿಯೂದಿಲ್ಲ. ನವೆಂಬರದಾಗ ಮೆಣಸಿನಕಾಯಿ ನೋಡಾಕ ಬರ್ತೀಯಲ್ಲ, ಆವಾಗ ತಗೀತೀನಿ. ಆವಾಗ ಅಳತೀನಿ. ಈಗ ನನಗ ಪುರಸತ್ತಿಲ್ಲ, ಕೂಸು ಸಾಲಿಯಿಂದ ಬರೂ ಹೊತ್ತಾತು.”